ಹಿರುಕಾವನ ಕೈರುಚಿ

ಹಿರುಕಾವ ತೊಕುಜೋ ಆಯುಷ್ಯವೆಲ್ಲ ಒಂದೇ ಕಂಪನಿಯ ಕಾರುಗಳನ್ನು ಓಡಿಸಿ ನೋಡಿದವನು. ಎಂಜಿನಿಯರುಗಳು ಕಾರು ಕಟ್ಟಿ ಮುಗಿಸಿದ ಮೇಲೆ ಉಪ್ಪು ಖಾರ ಸರಿಯಾಗಿದೆಯೇ ಎಂದು ಹೇಳುವುದು ಅವನ ಕೆಲಸ. ಕಂಪನಿಯಲ್ಲಿ ಅದನ್ನು ರುಚಿ ನೋಡುವುದು ಎಂದೇ ಕರೆಯುತ್ತಿದ್ದರು. ಅವನ ಬೈಗುಳಗಳಲ್ಲೆಲ್ಲ ದೊಡ್ಡದು ‘ಸಪ್ಪೆ’. ಈಚೀಚೆಗೆ ಆ ಮಾತನ್ನು ಅವನು ಎಷ್ಟು ಆಡುತ್ತಿದ್ದನೆಂದರೆ, ಅವನು ಕಾರಿನಿಂದ ಇಳಿಯುವ ಮೊದಲೇ ಉಳಿದವರು ತಮ್ಮತಮ್ಮಲ್ಲೇ ಅದನ್ನು ಹೇಳಿಕೊಂಡು ನಗುತ್ತಿದ್ದರು.

ನಗಲಿ, ಅದಕ್ಕೆ ಅವನು ತಲೆ ಕೆಡಿಸಿಕೊಂಡವನಲ್ಲ. ಅವನ ಹೊಟ್ಟೆ ಉರಿಯುತ್ತಿದ್ದುದು ಬೇರೆ ಕಾರಣಕ್ಕೆ. ಪ್ರಾಯದಲ್ಲಿ ಅವನೇ ರುಚಿ ಹಿಡಿದು ಕೊಟ್ಟಿದ್ದ ಎರಡು ಸೀಟಿನ ಕಾರಿನ ಹೆಸರನ್ನು ಕಂಪನಿ ಈಗ ಹೊಸ ಕಾರಿಗೆ ಇಡಲು ಹೊರಟಿತ್ತು. ಹೆಸರು ಅದೇ, ಒಳಗೆಲ್ಲ ಬೇರೆ. ಸ್ಟೀರಿಂಗಿಗೂ ಚಕ್ರಕ್ಕೂ ನಡುವೆ ಉಕ್ಕಿನ ಕೋಲೇ ಇಲ್ಲ, ಬರೀ ತಂತಿ. ಕೈ ತಿರುಗಿಸಿದ್ದನ್ನು ತಂತಿ ಒಂದು ಮೋಟಾರಿಗೆ ಹೇಳುತ್ತದೆ, ಮೋಟಾರು ಚಕ್ರವನ್ನು ತಿರುಗಿಸುತ್ತದೆ. ರಸ್ತೆಯ ಸುದ್ದಿ ಕೈಗೆ ಮುಟ್ಟುವುದೇ ಇಲ್ಲ. ಮುಟ್ಟಿತೆಂದು ಅನಿಸಲಿ ಎಂದು ಇನ್ನೊಂದು ಮೋಟಾರು ಸ್ಟೀರಿಂಗನ್ನು ಸುಳ್ಳುಸುಳ್ಳೇ ನಡುಗಿಸುತ್ತದೆ. ಹೆಣಕ್ಕೆ ಕಚಗುಳಿ ಇಟ್ಟ ಹಾಗೆ ಎಂದು ಹಿರುಕಾವ ತುಂಬಿದ ಸಭೆಯಲ್ಲಿ ಹೇಳಿದ್ದ.

ಆ ಸುಳ್ಳು ನಡುಕವನ್ನು ರೂಪಿಸಿದವಳು ಎಬಿನಾ ಚಿಹಾಯಾ. ಅವಳಿಗೆ ಗುಡ್ಡದ ತಿರುವುಗಳಲ್ಲಿ ಕಾರು ಓಡಿಸುವುದನ್ನು ಕಲಿಸಿದವನು ಹಿರುಕಾವನೇ. ಅದೂ ತನ್ನ ಸ್ವಂತ ಹಳೆಯ ಕಾರಿನಲ್ಲಿ ಕೂರಿಸಿಕೊಂಡು, ಭಾನುವಾರಗಳನ್ನು ಕಳೆದುಕೊಂಡು. ಶಿಷ್ಯೆಯೇ ತಿರುಗಿಬಿದ್ದಳಲ್ಲ ಎಂಬ ಸಂಕಟ ಅವನಿಗೆ.

ಎರಡು ವರ್ಷದ ಜಗಳ ನೋಡಿ ಸಾಕಾದ ನಿರ್ದೇಶಕ ಶಿರಕುರಾ ಕೊನೆಗೊಂದು ದಾರಿ ಹುಡುಕಿದ. ಎರಡು ಕಾರು ಮಾಡಿಸುವುದು. ಒಂದಕ್ಕೆ ಎಣ್ಣೆಯ ಒತ್ತಡದಿಂದ ತಿರುಗುವ ಹಳೆಯ ಕಾಲದ ಸ್ಟೀರಿಂಗ್, ಕೋಲಿನ ಸಮೇತ. ಇನ್ನೊಂದಕ್ಕೆ ಎಬಿನಾಳ ತಂತಿ. ಯಾವುದು ಯಾವುದೆಂದು ಹೇಳದೆ ಹಿರುಕಾವನ ಕೈಗೆ ಕೊಡುವುದು. ಅವನು ಮೆಚ್ಚಿದ್ದೇ ಮಾರುಕಟ್ಟೆಗೆ. ಹಿರುಕಾವನಿಗೆ ಆಗಲೇ ಗೆದ್ದಷ್ಟು ಖುಷಿಯಾಯಿತು. ಆಮೇಲೆ ಯಾರೂ ಮಾತು ಬದಲಿಸಬಾರದು ಎಂದು ಅವನೇ ಎಲ್ಲರಿಂದಲೂ ಭಾಷೆ ತೆಗೆದುಕೊಂಡ.

ನವೆಂಬರಿನ ಒಂದು ಬೆಳಗ್ಗೆ ಹಕೋನೆಯ ಬೆಟ್ಟದ ರಸ್ತೆಯನ್ನು ಕಂಪನಿ ಬಾಡಿಗೆಗೆ ಹಿಡಿಯಿತು. ಎರಡೂ ಕಾರು ಬೂದು ಬಣ್ಣದವು, ಎರಡರ ಡ್ಯಾಶ್‌ಬೋರ್ಡಿಗೂ ಕಪ್ಪು ಬಟ್ಟೆ. ಹಿರುಕಾವ ಕಿವಿಗೆ ಹತ್ತಿ ತುರುಕಿಕೊಂಡ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಅವನ ಗುರುವಿನ ಕಾಲದಿಂದ ಬಂದ ಪದ್ಧತಿ ಅದು: ಕಿವಿ ಸದ್ದಿಗೆ ಮರುಳಾಗುತ್ತದೆ, ರುಚಿ ಗೊತ್ತಾಗುವುದು ಕೈಗೆ ಮತ್ತು ಕುಂಡೆಗೆ ಮಾತ್ರ. ಎಣ್ಣೆಯ ಪಂಪಿನ ಸಣ್ಣ ಗುಂಯ್‌ಗುಡುವಿಕೆ ಕೇಳಿಸಿದ್ದರೆ ಅವನಿಗೆ ಎಲ್ಲ ತಿಳಿದುಬಿಡುತ್ತಿತ್ತು. ಆದರೆ ಅವನಿಗೆ ಕೈಯ ಮೇಲೆ ಅಷ್ಟು ನಂಬಿಕೆ.

ಮೊದಲ ಕಾರು ಚೊಕ್ಕವಾಗಿ ತಿರುಗಿತು, ಚೊಕ್ಕವಾಗಿ ನಿಂತಿತು. ಕೈಗೆ ಏನೂ ಹೇಳಲಿಲ್ಲ. ಆಸ್ಪತ್ರೆಯ ಗಂಜಿ ಕುಡಿದ ಹಾಗಾಯಿತು. ಇದೇ ತಂತಿ ಎಂದು ಅವನು ಮೂರನೆಯ ತಿರುವಿನಲ್ಲೇ ತೀರ್ಮಾನಿಸಿಬಿಟ್ಟ. ಎರಡನೆಯದು ಮೊದಲ ತಿರುವಿನಲ್ಲೇ ಗಾಳಿಪಟದ ದಾರದ ಹಾಗೆ ಕೈ ಜಗ್ಗಿತು. ಡಾಂಬರಿನ ಒರಟು, ಬಿದ್ದ ಎಲೆಗಳ ಜಾರು, ಟಯರು ಇನ್ನೇನು ಹಿಡಿತ ಬಿಡುತ್ತದೆ ಎನ್ನುವ ಮುಂಚಿನ ಸಣ್ಣ ಸಡಿಲ, ಎಲ್ಲವೂ ಬೆರಳಿಗೆ ಬಂತು. ಅವನ ಕಣ್ಣು ತುಂಬಿತು. ಅಗತ್ಯವಿಲ್ಲದಿದ್ದರೂ ಇನ್ನೊಂದು ಸಲ ಬೆಟ್ಟ ಹತ್ತಿ ಇಳಿದ.

ಇಳಿದು ಬಂದು ಕಿವಿಯ ಹತ್ತಿ ತೆಗೆದ. ರುಚಿ ನೋಡಿದವನು ಒಂದು ಡಬ್ಬಿ ಕಾಫಿ ಕುಡಿದು ಮುಗಿಸುವವರೆಗೆ ಯಾರೂ ಮಾತಾಡಿಸುವಂತಿಲ್ಲ. ಅವನು ಬೇಕೆಂದೇ ನಿಧಾನವಾಗಿ ಕುಡಿದ. ಆಮೇಲೆ ಎರಡನೆಯದು ಜೀವಂತ, ಮೊದಲನೆಯದು ಸಪ್ಪೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಎಬಿನಾಳ ಕಡೆ ತಿರುಗಿದ.

“ಬೇಜಾರು ಮಾಡ್ಕೋಬೇಡ ಕಣಮ್ಮಾ. ಸುಳ್ಳು ಹೇಳೋದಕ್ಕೂ ಒಂದು ಕೈರುಚಿ ಬೇಕು. ಅದು ನಿನಗೆ ಬರ್ಲಿಲ್ಲ ಅಷ್ಟೆ.”

ಎಬಿನಾ ನೆಲ ನೋಡಿದಳು. ಶಿರಕುರಾ ಹತ್ತಿರ ಬಂದು, ಸೊಂಟ ಬಗ್ಗಿಸಿ ವಂದಿಸಿ, ಎರಡನೆಯದೇ ತಂತಿಯ ಕಾರು ಎಂದ.

ಕಾರು ಅದಲುಬದಲಾಗಿದೆ ಎಂದು ಹಿರುಕಾವ ಕೂಗಾಡಿದ. ಅಂಗಿ ಕೊಳೆಯಾಗುವುದನ್ನೂ ನೋಡದೆ ಪೆಡಲುಗಳ ಬಳಿ ತಲೆ ತೂರಿಸಿದ. ಎರಡನೆಯ ಕಾರಿನಲ್ಲಿ ಕೋಲಿಲ್ಲ, ಜಾಗ ಖಾಲಿ. ಮೊದಲನೆಯದರಲ್ಲಿ ಕೋಲು ಇತ್ತು, ದಪ್ಪಗೆ, ಗ್ರೀಸು ಮೆತ್ತಿಕೊಂಡು. ಅವನು ಎದ್ದು ನಿಂತಾಗ ಯಾರೂ ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು.

“ಮೊದಲನೇದು ನಿಮಗೆ ಮೋಸ ಮಾಡ್ಲಿಲ್ಲ ಮೇಷ್ಟ್ರೇ,” ಎಂದಳು ಎಬಿನಾ. “ಟಯರು ಇಷ್ಟಗಲ, ಕಾರು ಇಷ್ಟು ಭಾರ, ಅಲುಗಾಡಬಾರದು ಅಂತ ಎಲ್ಲಾ ಕಡೆ ರಬ್ಬರು. ಈಗಿನ ಕಾರಲ್ಲಿ ರಸ್ತೆಯಿಂದ ಮೇಲೆ ಬರೋದೇ ಅಷ್ಟು. ಅದು ಇದ್ದದ್ದನ್ನ ಇದ್ದ ಹಾಗೆ ಹೇಳ್ತು.”

“ಮತ್ತೆ ಎರಡನೇದು ಹೇಳಿದ್ದು ಏನು?”

“ಅದು ರಸ್ತೆದಲ್ಲ, ನಿಮ್ದೇ. ನಿಮ್ಮ ಹಳೇ ಕಾರಲ್ಲಿ ನನಗೆ ಕಲಿಸ್ತಿದ್ರಲ್ಲ, ಆಗ ಯಾವ ನಡುಕ ಬಂದ್ರೆ ನಿಮ್ಮ ಕೈ ಹಗುರಾಗುತ್ತೆ ಅಂತ ಅಳೆದಿಟ್ಕೊಂಡಿದ್ದೆ. ನಿಮ್ಮನ್ನ ಕೇಳೇ ಸ್ಟೀರಿಂಗಿಗೆ ಯಂತ್ರ ಕಟ್ಟಿದ್ದು.”

ಕೇಳಿದ್ದಳು, ನಿಜ. ಹುಡುಗಿಗೆ ಕಲಿಯುವ ಆಸೆ ಎಷ್ಟು ಎಂದು ಅವನು ಆಗ ಹೆಮ್ಮೆಪಟ್ಟಿದ್ದ. ತಾನು ಕಲಿಸುತ್ತಿದ್ದೇನೆ ಎಂದುಕೊಂಡಿದ್ದ ಆ ಭಾನುವಾರಗಳಲ್ಲಿ ಅವಳು ಅವನನ್ನೇ ರುಚಿ ನೋಡುತ್ತಿದ್ದಳು. ಅವಳ ಮುಖದಲ್ಲಿ ಗೆಲುವು ಕಾಣಲಿಲ್ಲ. ಅದು ಅವನಿಗೆ ಇನ್ನಷ್ಟು ಕಹಿಯೆನಿಸಿತು. ಜಗತ್ತಿನಲ್ಲಿ ಉಳಿದಿದ್ದ ಒಂದು ನಿಜವಾದ ಸ್ಟೀರಿಂಗನ್ನು, ಹತ್ತು ಜನರ ಎದುರಿಗೆ, ಸಪ್ಪೆ ಎಂದು ತಾನೇ ಕೊಂದುಬಿಟ್ಟಿದ್ದ.

ಶಿರಕುರಾ ಮಾತ್ರ ಸಂತೋಷದಲ್ಲಿದ್ದ. ಆ ನಡುಕಕ್ಕೆ ಕಾರಿನಲ್ಲೊಂದು ಗುಂಡಿ ಇರುತ್ತದೆ, ಅದಕ್ಕೆ ‘ಹಿರುಕಾವ ಕೈರುಚಿ’ ಎಂದು ಹೆಸರಿಡಲು ಅಪ್ಪಣೆ ಬೇಕು ಎಂದು ಮತ್ತೆ ಬಗ್ಗಿದ. ಮಾತು ಬದಲಿಸಬಾರದೆಂದು ಭಾಷೆ ತೆಗೆದುಕೊಂಡವನು ಹಿರುಕಾವನೇ. ಆಗಲಿ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಜನ ಚದುರಿದ ಮೇಲೆ ಅವನು ಎಬಿನಾಳನ್ನು ಕೇಳಿದ: “ಆ ಗುಂಡಿ ಆಫ್ ಮಾಡಿದ್ರೆ ಏನಿರುತ್ತೆ?”

“ಏನೂ ಇರಲ್ಲ ಮೇಷ್ಟ್ರೇ.”

ಎರಡು ಕಾರನ್ನೂ ಬೆಟ್ಟದ ಕೆಳಗೆ ಒಯ್ಯಬೇಕಿತ್ತು. ಯಾವುದು ತರುತ್ತೀರಿ ಎಂದು ಅವಳು ಎರಡು ಬೀಗದಕೈಗಳನ್ನೂ ಅವನ ಮುಂದೆ ಹಿಡಿದಳು. ಮೊದಲನೆಯದನ್ನು ತೆಗೆದುಕೊಳ್ಳಬೇಕು ಎಂದು ಹಿರುಕಾವನ ಮನಸ್ಸು ಹೇಳಿತು. ಮಾನ ಇದ್ದವನು ಅದನ್ನೇ ತೆಗೆದುಕೊಳ್ಳುತ್ತಾನೆ. ಇಳಿಜಾರಿನ ಅಷ್ಟೂ ತಿರುವುಗಳು ನೆನಪಾದವು.

“ಎರಡನೇದು ಕೊಡು,” ಎಂದ.

“ಗುಂಡಿ ಆಫ್ ಮಾಡಿ ಕೊಡ್ಲಾ?”

“ಬೇಡ,” ಎಂದ ಹಿರುಕಾವ, ಅವಳ ಮುಖ ನೋಡದೆ. “ಹಾಗೇ ಇರ್ಲಿ.”