ಎಂಟು ಹೊಲಿಗೆ

ತಮ್ಮ ಸತ್ತ ಸುದ್ದಿ ತಿಳಿದ ಬೆಳಿಗ್ಗೆ ಅಕ್ಕ ಅವನದೇ ಕೈಗವಸಿಗೆ ತೇಪೆ ಹಾಕುತ್ತಿದ್ದಳು. ಹಿಮಬಯಲಿನ ನಡುವಿನ ಆ ಹವಾಮಾನ ಕೇಂದ್ರದಲ್ಲಿ ಸೂರ್ಯ ಮುಳುಗದ ತಿಂಗಳದು. ಬಿರುಗಾಳಿ ಆಗಷ್ಟೇ ನಿಂತಿತ್ತು. ಅಡುಗೆಯವನು ಬಂದು, "ಅಕ್ಕಾ..." ಎಂದು ಹೊರಗೆ ಕೈತೋರಿಸಿದ. ಬಾಗಿಲಿನಿಂದ ಅರವತ್ತೇ ಹೆಜ್ಜೆ ದೂರದಲ್ಲಿ ತಮ್ಮ ಮರಗಟ್ಟಿ ಬಿದ್ದಿದ್ದ.

ಉಪಕರಣಗಳ ಗುಡಿಸಲಿಗೆ ಹೋಗಿ ಗಾಳಿಯ ವೇಗ, ಚಳಿಯ ಮಟ್ಟ ಬರೆದು ತರುವುದು ಅವನ ಕೆಲಸ. ಕೇಂದ್ರದವರ ಬಟ್ಟೆ ಹೊಲಿಯುವುದು ಅಕ್ಕನ ಕೆಲಸ. ಹೊರಗೆ ಹೋಗುವವರು ಬಾಗಿಲ ಬಳಿ ತೂಗುವ, ತಂತಮ್ಮ ಹೆಸರಿನ ಮರದ ಬಿಲ್ಲೆಯ ಕೆಂಪು ಮುಖ ಮುಂದಕ್ಕೆ ತಿರುಗಿಸಬೇಕು. ಮರಳಿದ ಮೇಲೆ ಬಿಳಿ ಮುಖ. ಕೆಂಪು ಒಂದು ಗಂಟೆ ಮೀರಿದರೆ ಮುಖ್ಯಸ್ಥನೇ ಮುಂದಾಗಿ ಹುಡುಕಲು ಹೊರಡಬೇಕು.

ಹಿಂದಿನ ದಿನ ಹೊರಡುವಾಗ ಅಕ್ಕ ಎಂದಿನಂತೆ ಅವನ ಬಾಯಿಯ ಮೇಲಿನ ಮುಸುಕನ್ನು ಟೊಪ್ಪಿಗೆಗೆ ಸೇರಿಸಿ ಕೆಂಪು ದಾರದಿಂದ ಎಂಟು ಹೊಲಿಗೆ ಹಾಕಿದ್ದಳು. ಗಾಳಿಗೆ ಬಿಚ್ಚಬಾರದಲ್ಲ! ಬಂದ ಮೇಲೆ ಕತ್ತರಿಸುವವಳೂ ಅವಳೇ.

"ನಾನೇನು ಗೋಣಿಚೀಲನಾ, ಬಾಯಿ ಹೊಲಿದು ಕಳಿಸೋಕೆ?" ಎಂದು ಅವನು ರೇಗಿದ್ದ.

"ನಿನ್ನ ಬಾಯಿ ಮುಚ್ಚಿಸೋಕೆ ಇದೊಂದೇ ದಾರಿ, ಸುಮ್ನೆ ನಿಂತ್ಕೋ."

ಸಂಜೆ ಊಟದ ಹೊತ್ತಿಗೆ ಅವನ ಬಿಲ್ಲೆ ಬಿಳಿಯಾಗಿತ್ತು. ಸಿಟ್ಟಿನಲ್ಲಿ ತಾನೇ ಹೊಲಿಗೆ ಕಿತ್ತುಕೊಂಡು ಮಲಗಿರಬೇಕು ಅಂದುಕೊಂಡಳು ಅಕ್ಕ. ಅಂದುಕೊಂಡು ತಾನೂ ಮಲಗಿದಳು.

ಮೂರನೆಯ ದಿನ ಪುಟ್ಟ ವಿಮಾನದಲ್ಲಿ ತನಿಖಾಧಿಕಾರಿ ಬಂದ. ಅಕ್ಕ ಹತ್ತಿರ ಹೋಗುವ ಮೊದಲೇ ಶವಕ್ಕೆ ಹೊದಿಕೆ ಹಾಕಿಸಿ ಉಗ್ರಾಣದಲ್ಲಿಟ್ಟು ಬೀಗ ಹಾಕಿದ್ದ ಮುಖ್ಯಸ್ಥ ಅವಳಿಗೆ ಮುಖ ತೋರಿಸಿರಲಿಲ್ಲ. "ನೀವು ತಡ್ಕೊಳಲ್ಲ" ಅಂದಿದ್ದ. ಅಧಿಕಾರಿಗೆ ಹೇಳಿಕೆಯನ್ನೂ ಕೊಟ್ಟಾಗಿತ್ತು: "ಬಂದ ಸಾರ್, ಬಿಲ್ಲೆ ತಿರುಗಿಸಿದ. ನನ್ನೆದುರಿಗೇ ಕೂತು ಚಹಾ ಕುಡಿದ. ಆಮೇಲೆ ಯಾರಿಗೂ ಹೇಳದೆ ಮತ್ತೆ ಹೋಗಿದ್ದಾನೆ. ಉಡಾಫೆ."

ಅಧಿಕಾರಿ 'ಸ್ವಂತ ನಿರ್ಲಕ್ಷ್ಯ' ಎಂದು ಬರೆಯುತ್ತಿದ್ದ. ಅಕ್ಕ ಅವನ ಕಾಗದದ ಮೇಲೆ ಅಂಗೈಯಿಟ್ಟಳು.

"ನನ್ನ ತಮ್ಮನ ಮುಖ ನಾನು ನೋಡ್ದೆ ಇದು ಮುಗಿಯಲ್ಲ."

ಉಗ್ರಾಣ ತೆರೆದರು. ಅಕ್ಕ ಹೊದಿಕೆ ಸರಿಸಿದಳು. ಬಾಯಿಯ ಮೇಲೆ ಉಸಿರು ಹೆಪ್ಪುಗಟ್ಟಿ ಮುಸುಕು ಹಲಗೆಯಂತಾಗಿತ್ತು. ಅದರಂಚಿಗೆ ಕೆಂಪು ದಾರ. ಎಣಿಸಿದಳು. ಎಂಟು, ಒಂದೂ ಕಿತ್ತಿರಲಿಲ್ಲ.

"ಬಾಯಿ ಹೊಲಿದಿರೋ ಮನುಷ್ಯ ಚಹಾ ಹೇಗೆ ಕುಡಿದ, ಹೇಳಯ್ಯಾ!"

"ಮತ್ತೆ ಯಾರಾದ್ರೂ ಹೊಲಿದಿರಬಹುದಲ್ಲ, ಅಮ್ಮಾ?" ಎಂದ ಅಧಿಕಾರಿ.

"ಇಲ್ಲಿ ಸೂಜಿಗೆ ದಾರ ಪೋಣಿಸೋಕೆ ಬರೋ ಇನ್ನೊಬ್ಬರನ್ನ ತೋರಿಸಿ ಸಾರ್. ಇವರ ಅಂಗಿ ಗುಂಡಿನೂ ನಾನೇ ಹಾಕಿದ್ದು."

ಮುಖ್ಯಸ್ಥನ ಕೈ ತಾನಾಗಿ ಗುಂಡಿಯ ಮೇಲೆ ಹೋಯಿತು. ಎಂದೂ ಹೊರಗೆ ಕಾಲಿಡದವನಿಗೆ ಈ ಹೊಲಿಗೆಯ ಸಂಗತಿ ಹೇಗೆ ತಿಳಿದೀತು?

"ಆ ಗಾಳೀಲಿ ಹುಡುಕೋಕೆ ಹೋಗಿದ್ರೆ ನಾನೂ ಸಾಯ್ತಿದ್ದೆ," ಎಂದು ತೊದಲಿದ. "ಅದಕ್ಕೇ ಬಿಲ್ಲೆ ತಿರುಗಿಸಿದೆ..."

"ನೀನು ಹೋಗದಿದ್ರೆ ಹಾಳಾಗಿ ಹೋಗ್ಲಿ! ಕೆಂಪು ಕೆಂಪಾಗೇ ಇರೋಕೆ ಬಿಡಬೇಕಿತ್ತು. ನಾನು ಹೋಗ್ತಿದ್ದೆ ಕಣೋ! ಅರವತ್ತು ಹೆಜ್ಜೆ! ಈ ಮುದಿ ಕಾಲಲ್ಲೂ ಹೋಗ್ತಿದ್ದೆ!"

ಅಧಿಕಾರಿ ಬರೆದ ಹಾಳೆಯನ್ನು ಹರಿದು ಹೊಸದನ್ನು ತೆಗೆದ. ಅಡುಗೆಯವನು ಮುಖ್ಯಸ್ಥನ ಹಿಂದೆ ಹೋಗಿ ಬಾಗಿಲಿಗೆ ಅಡ್ಡ ನಿಂತ.

ಅಕ್ಕ ಸೊಂಟದ ಕತ್ತರಿ ತೆಗೆದು ತಮ್ಮನ ತಲೆಯ ಬಳಿ ಮಂಡಿಯೂರಿದಳು. ಒಂದೊಂದೇ ಹೊಲಿಗೆ ಕತ್ತರಿಸಿದಳು.

"ದೇವರೇ, ಆ ಮುಖ್ಯಸ್ಥನನ್ನ ಕ್ಷಮಿಸು ಅಂತ ಕೇಳೋಕೆ ನನ್ನಿಂದಾಗಲ್ಲ, ಅದು ನಿನಗೆ ಬಿಟ್ಟಿದ್ದು. ಕಾಯದೆ ಮಲಗಿದ ನನ್ನನ್ನೂ ನೀನೇ ನೋಡ್ಕೋ. ಈ ಮಗು ಮಾತ್ರ ತುಂಬಾ ಹೊತ್ತು ಚಳೀಲಿ ಬಾಗಿಲು ಕಾದಿದೆ. ನಿನ್ನ ಬಾಗಿಲಾದ್ರೂ ಬೇಗ ತೆಗಿ. ಬೆಚ್ಚಗಿಡು ತಂದೆ. ಇವನಿಗೆ ಶಾಂತಿ ಕೊಡು."