ಮನೆಯೊಳಗೆ ಕುಂತ ಬಂಡೆ

ಬಾದಾಮಿಯ ಗುಡ್ಡದ ಬುಡಕ್ಕೆ ರಂಗವ್ವನ ಮನೆ. ಮನೆಯ ನೆತ್ತಿಯ ಮೇಲೆಯೇ ಒಂದು ಕೆಂಪು ಬಂಡೆ. ಎಪ್ಪತ್ತೆಂಟರ ಮಳೆಗಾಲದ ಹೊತ್ತಿಗೆ ಅದರ ಬಿರುಕಿನಲ್ಲಿ ಮನುಷ್ಯನ ತೋಳು ತೂರುವಷ್ಟು ಸಂದಿಯಾಗಿತ್ತು. ಮಗಳು ರೇಣವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ದಿನ ತುಂಬುತ್ತ ಬಂದಿತ್ತು. ರಂಗವ್ವನ ಗಂಡ ಮಲಕಪ್ಪ ಕುರಿ ಹೊಡೆದುಕೊಂಡು ದೂರ ಹೋಗಿದ್ದ. ಹೀಗಾಗಿ ಬಂಡೆ ತೆಗೆಸಿರೆಂದು ಗುಡ್ಡ ನೋಡಿಕೊಳ್ಳುವ ಸರ್ಕಾರಿ ಕಚೇರಿಗೆ ಅವಳೇ ಚಪ್ಪಲಿ ಸವೆಯುವಷ್ಟು ಅಲೆದಳು.

ಕೊನೆಗೊಮ್ಮೆ ಅಲ್ಲಿಯ ಸಾಹೇಬರು ಓಣಿಗೆ ದಯಮಾಡಿಸಿ ಕತ್ತೆತ್ತಿ ನೋಡಿದರು.

"ಅದರ ಮೇಲೆ ಹಳೇ ಕೆತ್ತನೆ ಇದೆಯಮ್ಮ, ಮುಟ್ಟುವ ಹಾಗಿಲ್ಲ. ಇಲ್ಲಿ ಕಲ್ಲು ಬಿದ್ದ ದಾಖಲೆಯೂ ನಮ್ಮಲ್ಲಿಲ್ಲ."

ಈ ಮಾತನ್ನು ಅವರು ಎಲ್ಲಿ ನಿಂತು ಆಡಿದರು ಅಂತೀರಿ? ಓಣಿಯ ನಡುವಿನ ದೊಡ್ಡ ಕಲ್ಲಿಗೆ ಬೆನ್ನು ಆನಿಸಿ! ಆ ಕಲ್ಲು ರಂಗವ್ವನ ಅತ್ತೆಯ ಕಾಲದಲ್ಲಿ ಅದೇ ಗುಡ್ಡದಿಂದ ಉರುಳಿ ಬಂದು ಎರಡು ಮನೆ ನೆಲಸಮ ಮಾಡಿತ್ತು. ಈಗ ಹೆಂಗಸರು ಅದರ ಮೇಲೆ ಶಾವಿಗೆ ಒಣಗಿಸುತ್ತಾರೆ. ಕಣ್ಣಿಗೆ ಕಂಡರೆ ಸಾಲದು, ಕಾಗದದಲ್ಲಿ ಕಾಣಬೇಕಂತೆ. ಎಂಥ ಓದು, ಎಂಥ ನೌಕರಿ!

"ಸಾಹೇಬ್ರ, ನೀವು ಬೆನ್ನು ಹಚ್ಚಿ ನಿಂತೀರಲ್ರಿ, ಈ ಕಲ್ಲೇನು ನೆಲದಾಗ ಮೊಳತೈತೇನ್ರಿ?" ಎಂದಳು ರಂಗವ್ವ.

ಸಾಹೇಬರು ಅಂಗಿಯ ಧೂಳು ಕೊಡವಿಕೊಂಡು ಜೀಪು ಹತ್ತಿದರು.

ವಾರ ಕಳೆದಿರಲಿಲ್ಲ. ಬೆಳಗಿನ ತನಕ ಹೊಯ್ದ ಮಳೆ ಮಧ್ಯಾಹ್ನಕ್ಕೆ ಹೊಳವಾಗಿತ್ತು. ರೇಣವ್ವ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ಪಕ್ಕದ ಮನೆಯ ಅಬೇದಾಳ ಹತ್ತಿರ ಹೋಗಿದ್ದಳು, ರಂಗವ್ವ ಕೊಡ ಹಿಡಿದು ನೀರಿಗೆ. ಆಗ ಬಂಡೆ ಇಳಿಯಿತು. ಮಾಳಿಗೆ, ಒಲೆ, ಕಟ್ಟಿದ ಎಮ್ಮೆ, ಬಾಣಂತಿಗೆಂದು ಸಾರಿಸಿಟ್ಟ ಕೋಣೆ, ಎಲ್ಲ ಅದರ ಅಡಿಗೆ ಹೋದವು. ತಾಯಿ ಮಗಳ ಜೀವ ಉಳಿದದ್ದೇ ದೊಡ್ಡದು.

ಮರುದಿನ ಜೀಪು ಕರೆಯದೆಯೇ ಬಂತು. ಬರದೆ ಏನು, ಬಂಡೆಗೆ ಏನಾಯಿತೋ ನೋಡಬೇಡವೇ! ಸಾಹೇಬರು ಸತ್ತ ಎಮ್ಮೆಯನ್ನು ನೋಡಲಿಲ್ಲ, ತುಂಬುಬಸುರಿಯನ್ನೂ ನೋಡಲಿಲ್ಲ. ಟೇಪು ಹಿಡಿಸಿ ಬಂಡೆ ಅಳೆಸಿದರು, ಕೆತ್ತನೆಗೆ ಪೆಟ್ಟಾಗಿಲ್ಲವೆಂದು ಸಮಾಧಾನಪಟ್ಟರು. ಸುತ್ತಿಗೆ ಹಿಡಿದು ನಿಂತಿದ್ದ ಓಣಿಯವರನ್ನು ಗದರಿಸಿದರು.

"ಒಂದು ಚೂರೂ ಒಡೆಯಬೇಡಿ. ಇದು ಸರ್ಕಾರದ ಕಲ್ಲು. ಮೇಲಿನಿಂದ ಅಪ್ಪಣೆ ಬರೋವರೆಗೆ ಇಲ್ಲೇ ಇರುತ್ತೆ."

"ಯಾವಾಗ ಬರ್ತೈತ್ರಿ ಅಪ್ಪಣಿ?" ರಂಗವ್ವ ಕೇಳಿದಳು. "ನನ್ನ ಮಗಳು ಎಲ್ಲಿ ಹಡೀಬೇಕ್ರಿ?"

"ಅದನ್ನೆಲ್ಲ ನನ್ನ ಕೇಳಿದರೆ ಹೇಗಮ್ಮ?"

ರಂಗವ್ವನ ಮೈಯೆಲ್ಲ ಉರಿದುಹೋಯಿತು. ಅಬೇದಾಳ ಒಂಟಿ ಕೋಣೆಯಲ್ಲಿ ಅವಳ ಮಕ್ಕಳಿಗೇ ಕಾಲು ಚಾಚಲು ಜಾಗವಿರಲಿಲ್ಲ. ಅವಳಿಂದ ಒಂದು ಗಡಿಗೆ, ಎರಡು ಕೌದಿ ಇಸಿದುಕೊಂಡು, ಮಗಳ ಕೈ ಹಿಡಿದು ರಂಗವ್ವ ಸೀದಾ ಕಚೇರಿಗೆ ನಡೆದಳು. ಜವಾನ ಬೇಡವೆಂದು ಬಡಕೊಂಡ, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಸಾಹೇಬರು ಊಟ ಮುಗಿಸಿ ಬರುವಷ್ಟರಲ್ಲಿ ಅವರ ಮೇಜು ಗೋಡೆಗೆ ಸರಿದಿತ್ತು. ಕೌದಿಯ ಮೇಲೆ ರೇಣವ್ವ ಮಲಗಿದ್ದಳು. ಬಾಗಿಲ ಮುಂದಿನ ಪಡಸಾಲೆಯಲ್ಲಿ ಒಲೆ ಹೂಡಿ ರಂಗವ್ವ ನೀರು ಕಾಯಿಸುತ್ತಿದ್ದಳು.

"ಏನಮ್ಮ ಇದು! ಸರ್ಕಾರದ ಜಾಗ ಇದು. ಏಳಿ ಮೊದಲು!"

ರಂಗವ್ವ ಒಲೆಗೆ ಇನ್ನೊಂದು ಕಟ್ಟಿಗೆ ದೂಡಿದಳು.

"ನಿಮ್ಮ ಕಲ್ಲು ನಮ್ಮನ್ಯಾಗ ಕುಂತೈತ್ರಿ ಸಾಹೇಬ್ರ. ಅದು ಎದ್ದ ದಿನಾ ನಾವೂ ಏಳ್ತೇವಿ."