ಕಾಯ್ದ ತಗಡಿನ ಸದ್ದು

ನಮ್ಮ ಶೆಡ್ಡಿನಲ್ಲಿ ಮಧ್ಯಾಹ್ನವಾದರೆ ತಗಡು ಬಡಿಯುತ್ತದೆ. ರಾಯಚೂರಿನ ಬಿಸಿಲು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ತಣ್ಣಗಿದ್ದ ಕಬ್ಬಿಣದ ಹಾಳೆ ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಉಬ್ಬುತ್ತದೆ, ಉಬ್ಬಿ ಉಬ್ಬಿ ಒಮ್ಮೆಲೇ ಆಚೆ ಮಗ್ಗುಲಿಗೆ ಹೊರಳುತ್ತದೆ, ಆಗ ಧಡ್ ಅನ್ನುತ್ತದೆ. ಟ್ರಾಕ್ಟರಿನ ಟ್ರಾಲಿ ಕಟ್ಟುವವರ ಕಿವಿಗೆ ಆ ಸದ್ದು ಕಾಗೆ ಕೂಗಿದಷ್ಟೇ. ಯಾರೂ ತಲೆ ಎತ್ತಿ ನೋಡುವುದಿಲ್ಲ.

ನನ್ನ ಮೈದುನ ಅಂಬರೇಶ ಮಾತ್ರ ಎದ್ದು ಓಡುತ್ತಿದ್ದ. ಕೈಯಲ್ಲಿ ಚಹಾದ ಲೋಟವಿರಲಿ, ರೊಟ್ಟಿಯ ತುತ್ತಿರಲಿ, ಅಲ್ಲೇ ಬಿಟ್ಟು ಹೋಗಿ ಟ್ರಾಲಿಯ ಕೆಳಗೆ ಬಗ್ಗಿ ನೋಡುತ್ತಿದ್ದ. ಅಲ್ಲಿ ಏನೂ ಇರುತ್ತಿರಲಿಲ್ಲ, ಬಹಳವಾದರೆ ನೆರಳಿಗೆ ಮಲಗಿದ ನಾಯಿ. ತಿರುಗಿ ಬಂದು "ಏನಿಲ್ಲ" ಅನ್ನುತ್ತಿದ್ದ, ಯಾರೂ ಕೇಳದಿದ್ದರೂ. ನಮ್ಮ ವೆಲ್ಡರ್ ಲಾಲ್ ಸಾಬ್ ಆಗೆಲ್ಲ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದ. ಅವನಿಗೆ ನಗು ತಡೆಯಲಾಗುತ್ತಿಲ್ಲವೆಂದು ನಾನು ತಿಳಿದಿದ್ದೆ.

"ಅಣ್ಣ ಬಡದಂಗ ಕೇಳ್ತದ ಅತ್ತಿಗಿ," ಎಂದು ಅಂಬರೇಶ ಒಂದು ದಿನ ಬಾಯಿಬಿಟ್ಟ.

"ನಿಮ್ಮಣ್ಣಗ ಬ್ಯಾರೆ ಕೆಲಸ ಇಲ್ಲೇನು? ಸತ್ತ ಮ್ಯಾಲೂ ಶೆಡ್ಡಿಗೇ ಬರಬೇಕೇನು ಆ ಜೀವ?" ಎಂದು ಬೈದು ಕಳಿಸಿದೆ. ನನ್ನ ನಾಲಿಗೆ ಹಾಗೇ. ಬೈದ ಮೇಲೆ ಎದೆಯೊಳಗೆ ಏನೋ ಮುರಿದಂತಾಗುತ್ತದೆ, ಅದನ್ನು ಮುಚ್ಚಲು ಇನ್ನೊಮ್ಮೆ ಬೈಯುತ್ತೇನೆ.

ಅವನ ಅಣ್ಣ ಅಂದರೆ ನನ್ನ ಗಂಡ ಉಮೇಶ. ಹೋದ ಬೇಸಿಗೆಯಲ್ಲಿ ದೇವದುರ್ಗದಲ್ಲಿ ತೀರಿಕೊಂಡರು. ಆ ದಿನದ ಸಂಗತಿ ನನಗೆ ಬೇರೆಯವರು ಹೇಳಿಯೇ ಗೊತ್ತು. ಅರಕೇರಾದ ರೈತನೊಬ್ಬನಿಗೆ ಟ್ರಾಲಿಯ ಡಬ್ಬಿ ಕಟ್ಟಿ, ಲಾರಿಯ ಮೇಲೆ ಹೇರಿಕೊಂಡು ಹೋಗಿ, ದೇವದುರ್ಗದ ಒಂದು ಬಯಲಿನಲ್ಲಿ ಇಳಿಸುತ್ತಿದ್ದರು. ನಾಲ್ಕೂ ಕಡೆ ಬೆಸುಗೆ ಹಾಕಿದ ಇಡೀ ಡಬ್ಬಿ, ಒಂದೇ ತುಂಡು. ಇದ್ದ ಜನ ಸಾಲಲಿಲ್ಲ. "ಬಸ್ ಸ್ಟ್ಯಾಂಡ್ ಕಡಿಂದ ಮಂದಿ ಕರಕೊಂಡು ಬರ್ತೀನಿ," ಎಂದು ಹೇಳಿ ಉಮೇಶ ಹೊರಟರು. ಹೋದರೆಂದೇ ಅಂಬರೇಶ, ಲಾಲ್ ಸಾಬ್ ಇಬ್ಬರೂ ತಿಳಿದರು. ಅವರು ಹೋಗಿರಲಿಲ್ಲ. ಲಾರಿಯ ಹಿಂದೆ ಬಿದ್ದಿದ್ದ ಕಟ್ಟಿಗೆಯ ದಿಮ್ಮಿಯನ್ನು ಸರಿಸಲು ಬಗ್ಗಿದ್ದರು. ಹಗ್ಗ ಹರಿದು ಡಬ್ಬಿ ಬೋರಲಾಗಿ ಬಿತ್ತು. ಧೂಳು ಅಡಗಿದ ಮೇಲೆ ನೋಡಿದರೆ ಯಾರಿಗೂ ಏನೂ ಆಗಿಲ್ಲವೆಂದೇ ಕಂಡಿತು. ಇವರಿಬ್ಬರೂ ಬೇವಿನ ಮರದ ನೆರಳಿಗೆ ಹೋಗಿ, ಉಮೇಶ ಜನ ಕರೆದುಕೊಂಡು ಬರಲಿ ಎಂದು ಕಾಯುತ್ತ ಕೂತರು. ಎಷ್ಟು ಹೊತ್ತಾದರೂ ಬರದಿದ್ದಾಗ ದಾರಿಹೋಕರನ್ನು ಕೂಗಿ ಡಬ್ಬಿ ಎತ್ತಿಸಿದರು.

"ಬಿದ್ದ ಕೂಡ್ಲೇ ಹೋಗಿಬಿಟ್ಟಾನ ಅತ್ತಿಗಿ. ಒಂದ್ ಸಪ್ಪಳ ಇಲ್ಲ," ಎಂದು ಅಂಬರೇಶ ನನ್ನ ಮುಂದೆ ಅತ್ತ.

ಆ ಮಾತನ್ನು ನಾನು ಅವನಿಂದ ಮತ್ತೆ ಮತ್ತೆ ಹೇಳಿಸಿಕೊಂಡೆ. ಗಂಡ ಹೋದ ದುಃಖಕ್ಕೆ ಮದ್ದಿಲ್ಲ. ನರಳಲಿಲ್ಲ, ಯಾರನ್ನೂ ಕೂಗಲಿಲ್ಲ ಎಂಬುದೊಂದು ಸಮಾಧಾನ. ಆ ಒಂದು ಸಮಾಧಾನ ಹಿಡಿದೇ ನಾನು ಉಣ್ಣುತ್ತಿದ್ದೆ, ಮಲಗುತ್ತಿದ್ದೆ, ಬೆಳಿಗ್ಗೆ ಎದ್ದು ಶೆಡ್ಡಿನ ಬಾಗಿಲು ತೆಗೆಯುತ್ತಿದ್ದೆ.

ಬಾಗಿಲು ತೆಗೆದದ್ದು ಹಟಕ್ಕೆ. ಮದುವೆಗೆ ಮುಂಚೆ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಓದಿದವಳು ನಾನು. ಶೆಡ್ಡಿನಲ್ಲಿ ಅಳತೆ, ನಕ್ಷೆ ಎಲ್ಲ ನನ್ನದೇ ಇತ್ತು. ಇನ್ನು ಮುಂದೆ ಇಡೀ ಡಬ್ಬಿಯನ್ನು ಯಾರೂ ಎತ್ತಬಾರದು, ಯಾರೂ ಇಳಿಸಬಾರದು ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದೆ. ದಾರಿ ತೋರಿಸಿದ್ದು ತೀನ್ ಕಂದಿಲ್ ಹತ್ತಿರದ ಮಿಠಾಯಿ ಅಂಗಡಿ. ಅಲ್ಲಿ ರಟ್ಟಿನ ಡಬ್ಬಿಗಳು ಚಪ್ಪಟೆಯಾಗಿ ಕಟ್ಟುಗಟ್ಟಲೆ ಬಂದು ಬೀಳುತ್ತವೆ. ಅಂಗಡಿಯವನು ಒಂದನ್ನು ತೆಗೆದು ಟಪ್ ಟಪ್ ಎಂದು ಮಡಚಿ ಎಬ್ಬಿಸಿ ನಿಲ್ಲಿಸಿ ಪೇಡೆ ತುಂಬಿ ಕೊಡುತ್ತಾನೆ. ಪೇಡೆ ಕೊಳ್ಳದೆ ಖಾಲಿ ಡಬ್ಬಿ ಒಂದನ್ನು ಬೇಡಿ ತಂದೆ. ಅವನು ನನ್ನನ್ನು ಹುಚ್ಚಿ ಅಂದುಕೊಂಡಿರಬೇಕು.

ನನ್ನ ಟ್ರಾಲಿಯೂ ಹಾಗೇ. ಎರಡು ಪಕ್ಕದ ತಗಡಿನ ಹಲಗೆಗಳಿಗೆ ಬುಡದಲ್ಲಿ ಬಿಜಾಗ್ರಿ, ಬಾಗಿಲಿಗೆ ಹಾಕುತ್ತಾರಲ್ಲ ಅಂಥದೇ, ಆದರೆ ದಪ್ಪದ್ದು. ಎಬ್ಬಿಸಿ ನಿಲ್ಲಿಸಿ ಮೂಲೆಗಳಲ್ಲಿ ಪಿನ್ನು ಹಾಕಿದರೆ ಡಬ್ಬಿ. ಪಿನ್ನು ಕಿತ್ತರೆ ಹಲಗೆಗಳು ಒಳಗೆ ಮಲಗಿ ನಡುವಿನ ಕಬ್ಬಿಣದ ದಿಂಡಿನ ಮೇಲೆ ಅಂಚು ಊರುತ್ತವೆ. ಹಿಂದಿನ ಬಾಗಿಲನ್ನು ಕಳಚಿ ಅವುಗಳ ಕೆಳಗೆ ಸೇರಿಸಲಿಕ್ಕೆಂದು ಒಂದು ಗೇಣಿಗಿಂತ ತುಸು ಹೆಚ್ಚು ಎತ್ತರದ ಸಂದು ಬಿಟ್ಟಿದ್ದೆ. ಒಂದು ಲಾರಿಯಲ್ಲಿ ಒಂದು ಡಬ್ಬಿ ಹೋಗುತ್ತಿದ್ದ ಜಾಗದಲ್ಲಿ ನಾಲ್ಕು ಹೋಗಬೇಕು, ಊರು ಮುಟ್ಟಿದ ಮೇಲೆ ಬಿಡಿಬಿಡಿಯಾಗಿ ಇಳಿಸಿ ಮನೆಯವರೇ ಕಟ್ಟಿಕೊಳ್ಳಬೇಕು.

ಮಸರಕಲ್‌ನಿಂದ ಬಂದ ಅತ್ತೆ ಅಮರಮ್ಮ ಅದನ್ನು ನೋಡಿ ಸೆರಗು ಬಾಯಿಗೆ ಹಿಡಿದರು. "ಕಟ್ಟೋದು ಬಿಚ್ಚೋದು ಚಟ್ಟ ಒಂದ ಯವ್ವಾ. ಗಾಡಿ ಹಂಗ ಮಾಡಬಾರ್ದು."

"ತೊಟ್ಟಿಲಾನೂ ಕಟ್ಟಿ ಬಿಚ್ತೀವಲ್ಲ ಅತ್ತಿ," ಅಂದೆ. ಆದರೆ ಆ ದಿನದಿಂದ ಪಿನ್ನು ಹೊಡೆಯುವಾಗೆಲ್ಲ ನನಗೆ ಚಟ್ಟದ ಬೊಂಬುಗಳೇ ಕಣ್ಣ ಮುಂದೆ ಬರುತ್ತಿದ್ದವು. ಹೆದರಿಕೆಯಾಗುತ್ತಿತ್ತು. ಯಾರಿಗೂ ಹೇಳಲಿಲ್ಲ.

ಮೊದಲ ಟ್ರಾಲಿಯನ್ನು ಕೇಳಿದವನು ನೀರಮಾನ್ವಿಯ ಹಂಪಣ್ಣ. ಭತ್ತದ ಸುಗ್ಗಿ ಶುರುವಾಗುವ ಮುಂಚೆ ಬೇಕು ಎಂದಿದ್ದ. "ಮಡಚೋದು ಗಟ್ಟಿ ಇರ್ತದೇನವ್ವಾ? ನೋಡ್ತೀನಿ, ಸರಿ ಬಂದ್ರ ನಮ್ಮ ಕಡಿ ಮಂದಿ ಎಲ್ಲಾರೂ ತಗೋತಾರ," ಅಂದಿದ್ದ. ಅವನ ಅಂಗಳದಲ್ಲಿ ಅದು ನಿಂತರೆ ಗೆದ್ದಂತೆ. ನಿಲ್ಲದಿದ್ದರೆ ಮತ್ತೆ ಅದೇ ಇಡೀ ಡಬ್ಬಿ, ಅದೇ ಹಗ್ಗ, ಹಗ್ಗದ ಕೆಳಗೆ ಮತ್ತೆ ಯಾರದೋ ಗಂಡ.

ಆದರೆ ಕೆಲಸ ಮುಗಿಯಲೊಲ್ಲದು. ಬೆಸುಗೆಯಿಲ್ಲದೆ ಬರೀ ಪಿನ್ನಿನ ಮೇಲೆ ನಿಂತ ಹಲಗೆಗಳಾದ್ದರಿಂದ ಹೊಸ ಟ್ರಾಲಿ ಬೇರೆಲ್ಲಕ್ಕಿಂತ ಜೋರಾಗಿ ಬಡಿಯುತ್ತಿತ್ತು. ಪ್ರತಿ ಸದ್ದಿಗೂ ಅಂಬರೇಶ ಓಡುವುದು, ಬಗ್ಗುವುದು, ಸಾಲದ್ದಕ್ಕೆ ಕಟ್ಟಿದ ಪಿನ್ನು ಕಿತ್ತು ಒಳಗೆಲ್ಲ ನೋಡುವುದು. ನಾನು ಹೆಣೆದದ್ದನ್ನು ಅವನು ಬಿಚ್ಚುತ್ತಿದ್ದ. ಒಂದು ಬೆಳಿಗ್ಗೆ ನನ್ನ ತಾಳ್ಮೆಯ ಕಟ್ಟೆಯೊಡೆಯಿತು.

"ಇನ್ನ ಮ್ಯಾಲೆ ಸಪ್ಪಳಕ್ಕ ಎದ್ದೀ ಅಂದ್ರ ನೋಡು! ನಿಮ್ಮಣ್ಣ ಖರೇನ ಬಂದು ಬಡದ್ರೂ ಏಳಬ್ಯಾಡ. ಕುಂತು ಚಾ ಕುಡಿ."

ಅವನ ಮುಖ ಬೂದಿಯಂತಾಯಿತು. ಲಾಲ್ ಸಾಬ್ ವೆಲ್ಡಿಂಗಿನ ಕನ್ನಡಕ ಹಾಕಿಕೊಂಡ, ಮುಂದೆ ವೆಲ್ಡಿಂಗ್ ಮಾಡುವುದು ಏನೂ ಇರಲಿಲ್ಲ.

ಅದೇ ಮಧ್ಯಾಹ್ನ ಅವರಿಬ್ಬರೂ ಊಟ ಮುಗಿಸಿ ಶೆಡ್ಡಿನ ಹಿಂದಿನ ನೆರಳಿನಲ್ಲಿ ಚಹಾಕ್ಕೆ ಕೂತಿದ್ದರು. ನಾನು ಸೀರೆಯ ಮೇಲೆ ಉಮೇಶರ ಹಳೆಯ ಅಂಗಿ ತೊಟ್ಟು, ನಟ್ಟು ತಿರುಗಿಸುವ ಪಾನಾ ಹಿಡಿದು, ಬಿಸಿಲಲ್ಲಿ ನಿಂತಿದ್ದ ಟ್ರಾಲಿ ಹತ್ತಿದೆ. ಎಡಗಡೆಯ ಹಲಗೆಯ ಹಿಂದಿನ ಪಿನ್ನು ತೆಗೆದಿಟ್ಟೆ. ಮುಂದಿನ ಪಿನ್ನು ಕಾಯ್ದು ಕಚ್ಚಿಕೊಂಡಿತ್ತು. ಪಾನಾದಿಂದ ಕುಟ್ಟಿದೆ. ಪುಟಿದು ಒಳಗೇ ಬಿತ್ತು. ಹಲಗೆ ಬಿಜಾಗ್ರಿಯ ಬಿಗಿಗೆ ಹಾಗೇ ನಿಂತಿತ್ತು. ಬೋರಲು ಮಲಗಿ ಪಿನ್ನಿಗೆ ಕೈ ಚಾಚಿದೆ, ಭುಜ ಹಲಗೆಗೆ ತಾಗಿತು. ಅದು ನನ್ನ ಮೇಲೆ ಬಂದು ಮಲಗಿತು.

ಬಾಗಿಲಿಗೆಂದು ಬಿಟ್ಟ ಸಂದು ನನ್ನ ಜೀವ ಉಳಿಸಿತು. ಆದರೆ ಬೆನ್ನ ಮೇಲೆ ಹಲಗೆ, ಎದೆಯ ಕೆಳಗೆ ನೆಲ, ಎರಡೂ ಕಾಯ್ದ ಹಂಚು. ಕೂಗಲು ಬಾಯಿ ತೆರೆದರೆ ಉಸಿರೇ ಬರಲಿಲ್ಲ. ಕೈಯಲ್ಲಿ ಪಾನಾ ಇತ್ತು. ಬಡಿದೆ. ನಿಲ್ಲಿಸಿ ಕಿವಿಗೊಟ್ಟೆ. ಮತ್ತೆ ಬಡಿದೆ.

ಹೊರಗಿನ ಮಾತು ಚೆನ್ನಾಗಿ ಕೇಳುತ್ತಿತ್ತು. ಅದೇ ಅದರ ಕ್ರೌರ್ಯ.

"ಏ, ಕುಂದ್ರೋ," ಎಂದ ಲಾಲ್ ಸಾಬ್. "ತಗಡು ಅದು. ಮುಂಜಾನಿ ಆಕಿ ಏನ್ ಹೇಳ್ಯಾಳ ನಿನಗ?"

ಇನ್ನೊಮ್ಮೆ ಬಡಿದೆ.

"ಅವತ್ತೂ ನೀ ಹಿಂಗ ಅಂದಿ, ಲಾಲ್ ಸಾಬ್," ಎಂದ ಅಂಬರೇಶ. ಅವನ ದನಿ ಅಷ್ಟು ತಣ್ಣಗಿದ್ದುದನ್ನು ನಾನು ಕೇಳಿರಲಿಲ್ಲ. "ಬಿಸಿಲಿಗೆ ತಗಡು ಬಡೀತದ ಅಂದಿ. ನಾನೂ ಹೂಂ ಅಂದೆ. ಬೇವಿನ ಗಿಡದ ಕೆಳಗ ಕುಂತು ಚಾ ಕುಡುದ್ವಿ."

"ಸುಮ್ನಿರೋ, ನಿನ್ನ ಕಾಲಿಗೆ ಬೀಳ್ತೀನಿ. ಆಕಿ ಕೇಳ್ಯಾಳು."

"ಚಾ ಮುಗಿಯೋತನ ಬಡದ. ಆಮ್ಯಾಲ ನಿಂತುಬಿಡ್ತು."

ನನ್ನ ಕೈ ನಿಂತಿತು.

ಬಡಿಯಬೇಕೆಂಬುದೇ ಮರೆತುಹೋಯಿತು. ಕೆನ್ನೆ ಸುಡುತ್ತಿತ್ತು, ಅದು ನನ್ನ ಕೆನ್ನೆಯೋ ಉಮೇಶರದೋ ತಿಳಿಯಲಿಲ್ಲ. ಅವರೂ ಹೀಗೇ ಬಡಿದು, ಹೀಗೇ ಕಿವಿಗೊಟ್ಟು, ತಮ್ಮನ ಮಾತು, ಲೋಟದ ಸದ್ದು ಎಲ್ಲ ಕೇಳಿಸಿಕೊಂಡರು. ಬರುತ್ತಾರೆ, ಈಗ ಬರುತ್ತಾರೆ ಅಂದುಕೊಂಡರು. ಇಷ್ಟು ದಿನ ನಾನು ಉಂಡ ಅನ್ನವೆಲ್ಲ ಗಂಟಲಿಗೆ ಬಂದಂತಾಯಿತು. ಅತ್ತಿಗೆಗೆ ಸಮಾಧಾನವಾಗಲಿ ಎಂದು ಅವನು ಹೇಳಿದ ಸುಳ್ಳು ಆ ಸಂದಿನಲ್ಲಿ ನನ್ನ ಜೊತೆ ಮಲಗಿತ್ತು. ಉಮೇಶರು ಪಕ್ಕದಲ್ಲೇ ಇದ್ದಾರೆ ಅನ್ನಿಸಿತು. ಹೆದರಿಕೆಯಾಗಲಿಲ್ಲ. ಇರಲಿ, ಇಲ್ಲೇ ಇರೋಣ ಅನ್ನಿಸಿತು, ಅದನ್ನು ನೆನೆದರೆ ಈಗ ಹೆದರಿಕೆಯಾಗುತ್ತದೆ.

"ನಿಂತ್ತು," ಎಂದ ಅಂಬರೇಶ ಹೊರಗೆ. "ಲಾಲ್ ಸಾಬ್, ನಿಂತ್ತು ನೋಡು! ತಗಡು ಹಿಂಗ ನಿಲ್ಲಂಗಿಲ್ಲ!"

ಲೋಟ ಕಲ್ಲಿನ ಮೇಲೆ ಬಿದ್ದ ಸದ್ದಾಯಿತು, ಆಮೇಲೆ ಓಡುವ ಕಾಲಿನ ಸದ್ದು. ಬರಿಗೈಯಲ್ಲಿ ಹಲಗೆ ಎತ್ತಿದ. ಇಬ್ಬರೂ ಸೇರಿ ನನ್ನನ್ನು ಎಳೆದು ಹೊರಗೆ ಹಾಕಿದರು.

ಎದ್ದು ಕೂರಲು ಬಂದ ಕೂಡಲೇ ಅಂಬರೇಶನ ಎದೆಯ ಅಂಗಿ ಹಿಡಿದೆ. "ಬಡದ್ರಾ? ಎಷ್ಟೊತ್ತು ಬಡದ್ರು? ಹೇಳು! ಒಂದ್ ಸಪ್ಪಳ ಇಲ್ಲ ಅಂದಿದ್ದೆಲ್ಲೋ!" ಅವನು ತಲೆ ತಗ್ಗಿಸಿದ. ಹೊಡೆದೆ. ಎರಡೂ ಕೈಯಿಂದ ಹೊಡೆದೆ, ಅವನು ತಡೆಯಲಿಲ್ಲ. ಲಾಲ್ ಸಾಬ್ ಅಲ್ಲೇ ನೆಲದ ಮೇಲೆ ಕೂತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಇಷ್ಟು ದಿನ ಅವನು ಮುಖ ತಿರುಗಿಸಿಕೊಂಡದ್ದು ನಗುವಿಗಲ್ಲ.

ಹೊಡೆದು ಸಾಕಾದಾಗ ಅಂಬರೇಶನ ಅಂಗೈಗಳು ಕಂಡವು. ಕಾಯ್ದ ತಗಡು ಹಿಡಿದು ಎರಡೂ ಬೊಬ್ಬೆ ಎದ್ದಿದ್ದವು. ತಣ್ಣೀರಲ್ಲಿ ಅದ್ದಿಸಿ, ಕೊಬ್ಬರಿ ಎಣ್ಣೆ ತಂದು ಹಚ್ಚಿದೆ. ಹಚ್ಚುತ್ತಲೇ ಬೈದೆ. ಬೈಯುತ್ತಲೇ ಅತ್ತೆ. ಅವನನ್ನು ಕ್ಷಮಿಸಿದೆನೆಂದು ಹೇಳಲಾರೆ. ನನ್ನ ಸಮಾಧಾನ ಹೋಯಿತು, ಅದನ್ನು ಯಾರೂ ತಿರುಗಿ ಕೊಡಲಾರರು. ಆದರೆ ಒಂದು ಬೇಸಿಗೆಯಿಂದ ಇನ್ನೊಂದು ಬೇಸಿಗೆಯವರೆಗೆ ಪ್ರತಿ ಮಧ್ಯಾಹ್ನ ಅವನು ಒಬ್ಬನೇ ಬಗ್ಗಿ ನೋಡಿದ್ದಾನಲ್ಲ, ಅದನ್ನೂ ನಾನು ಮರೆಯಲಾರೆ.

ಮರುದಿನ ಸುಣ್ಣದ ಕಡ್ಡಿಯಿಂದ ಎರಡೂ ಹಲಗೆಗಳ ಮೇಲೆ ಗುರುತು ಹಾಕಿದೆ. ಲಾಲ್ ಸಾಬ್ ಏನೂ ಕೇಳದೆ ಅಲ್ಲಿ ತೂತು ಕೊರೆದ, ಅದಕ್ಕೆ ಸರಿಯುವ ಮುಚ್ಚಳ ಮಾಡಿದ. ಹಲಗೆ ತಾನಾಗಿ ಒಳಗೆ ಬೀಳದಂತೆ ಸರಪಳಿಯನ್ನೂ ಹಾಕಿಸಿದೆ.

ನೀರಮಾನ್ವಿಗೆ ಹೊರಟ ದಿನ ಟ್ರಾಲಿ ಚಪ್ಪಟೆಯಾಗಿ ಸಣ್ಣ ಗಾಡಿಯಲ್ಲಿ ಕೂತಿತ್ತು, ಅದರ ಮೇಲೆ ನಾವು ಕೂತಿದ್ದೆವು. ಹಂಪಣ್ಣನ ಅಂಗಳದಲ್ಲಿ ಹಗ್ಗವಿಲ್ಲ, ಕೂಗಾಟವಿಲ್ಲ, ಒಂದೊಂದೇ ತುಂಡು ಇಳಿಯಿತು. ಅವನ ಟ್ರಾಕ್ಟರಿನ ಹಿಂದೆ ಕಟ್ಟಿದ ಗಾಲಿಯ ಚಾಸಿಯ ಮೇಲೆ ನೆಲ ಕೂರಿಸಿ, ಹಲಗೆ ಎಬ್ಬಿಸಿ, ಪಿನ್ನು ಹೊಡೆದೆವು. ಹಂಪಣ್ಣ ಹತ್ತಿ ಕುಣಿದು ನೋಡಿದ, ಒದ್ದು ನೋಡಿದ. ಅಲ್ಲಾಡಲಿಲ್ಲ.

"ಈ ತೂತು ಯಾಕವ್ವಾ? ಭತ್ತ ಸೋರಂಗಿಲ್ಲೇನು?"

"ಮುಚ್ಚಳ ಅದ ನೋಡ್ರಿ. ಕೈ ಹೊರಗ ಬರ್ಲಿ ಅಂತ ಬಿಟ್ಟೀನಿ."

"ಹೌದೌದು, ಹಿಡಕೊಂಡು ಎತ್ತಾಕ ಚಲೋ ಆತು," ಎಂದು ಅವನು ಮೆಚ್ಚಿದ. ನಾನು ತಿದ್ದಲಿಲ್ಲ. "ಇನ್ನೂ ಎರಡು ಮಾಡಿಕೊಡ್ರಿ, ನಮ್ಮ ಅಣ್ಣತಮ್ಮರಿಗಿ ಬೇಕು," ಎಂದು ಹೇಳಿ ಒಳಗೆ ಚಹಾಕ್ಕೆ ಕೂಗಿದ.

ನೆರಳಿನಲ್ಲಿ ಕೂತು ಚಹಾ ಕುಡಿಯುತ್ತಿದ್ದೆವು. ಸೂರ್ಯ ನೆತ್ತಿಗೆ ಬಂದಿದ್ದ. ಧಡ್ ಅಂತು. ಹಂಪಣ್ಣನ ಮನೆಯವರು ಯಾರೂ ತಿರುಗಿ ನೋಡಲಿಲ್ಲ. ಲಾಲ್ ಸಾಬನ ಲೋಟ ತುಟಿಯ ಹತ್ತಿರವೇ ನಿಂತಿತು. ಅಂಬರೇಶ ಅರ್ಧ ಎದ್ದ, ನನ್ನ ಮುಖ ನೋಡಿದ, ಬಟ್ಟೆ ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಕೂತ.

ಅದು ತಗಡೆಂದು ನನಗೆ ಚೆನ್ನಾಗಿ ಗೊತ್ತು. ಅಳೆದವಳು ನಾನು, ಮಡಚಿದವಳು ನಾನು. ಲೋಟ ಕೆಳಗಿಟ್ಟು ಎದ್ದೆ. ಬಿಸಿಲಿಗೆ ಹೋಗಿ, ಮೊಣಕಾಲೂರಿ, ಟ್ರಾಲಿಯ ಕೆಳಗೆ ಬಗ್ಗಿ ನೋಡಿದೆ. ನೆರಳಿತ್ತು, ಮಣ್ಣು ಕೆದರುತ್ತ ಒಂದು ಕೋಳಿ ಇತ್ತು. ಮೇಲೆ ಹತ್ತಿ ಒಳಗೂ ನೋಡಿದೆ.

ತಿರುಗಿ ಬಂದು ನನ್ನ ಜಾಗದಲ್ಲಿ ಕೂತು, "ಏನಿಲ್ಲ," ಅಂದೆ. ಯಾರೂ ಕೇಳಿರಲಿಲ್ಲ.